ಮುಚ್ಚಿದ ಹೆಸರು, ಕೊರೆದ ಹೆಸರು: ಚೀನಾದ ಹಳೆಯ ಕಚೇರಿಗಳಲ್ಲಿ ಏಳು ದಿನ

ಮೊದಲ ದಿನ: ನಾನ್‌ಜಿಂಗ್

ಕಂದಾಯ ಇಲಾಖೆಗೆ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ ಶಿರಸ್ತೇದಾರಳಾಗಿ ನಿವೃತ್ತಳಾಗುವವರೆಗೆ ಮೂವತ್ತೊಂದು ವರ್ಷ ನಾನು ಕಡತಗಳ ನಡುವೆಯೇ ಇದ್ದವಳು. ಸರ್ಕಾರ ಒಬ್ಬ ಮನುಷ್ಯನನ್ನು ಹೇಗೆ ಆರಿಸಿಕೊಳ್ಳುತ್ತದೆ, ಆರಿಸಿಕೊಂಡ ಮೇಲೆ ಅವನಿಂದ ಹೇಗೆ ಕೆಲಸ ತೆಗೆಯುತ್ತದೆ ಎಂಬ ಪ್ರಶ್ನೆ ಈ ವರ್ಷಗಳ ಉದ್ದಕ್ಕೂ ನನ್ನ ಜೊತೆಗೇ ನಡೆದು ಬಂದಿದೆ. ನಾನ್‌ಜಿಂಗ್‌ನಲ್ಲಿ ಓದುತ್ತಿರುವ ತಮ್ಮನ ಮಗ, "ಅತ್ತೆ, ಅಕ್ಟೋಬರ್ ಮೊದಲ ವಾರದ ರಜೆಯ ಗದ್ದಲ ಮುಗಿದ ಮೇಲೆ ಬನ್ನಿ, ನಿಮಗೆ ಬೇಕಾದ್ದನ್ನೇ ತೋರಿಸುತ್ತೇನೆ" ಎಂದು ಕರೆದಾಗ, ಮಹಾಗೋಡೆಯನ್ನು ಇನ್ನೊಮ್ಮೆ ನೋಡಿದರಾಯಿತು, ಈ ಸಲ ಪರೀಕ್ಷೆಯ ಅಂಗಳಗಳನ್ನೂ ಹಳೆಯ ಕಚೇರಿಗಳನ್ನೂ ಮಾತ್ರ ನೋಡೋಣ ಎಂದು ಅವನಿಗೆ ಮೊದಲೇ ಹೇಳಿಬಿಟ್ಟಿದ್ದೆ.

ಚಿನ್‌ಹುವಾಯ್ ನದಿಯ ದಡದಲ್ಲಿರುವ ಜ್ಯಾಂಗ್‌ನಾನ್ ಗೊಂಗ್‌ಯುವಾನ್‌ಗೆ ನಾವು ಬೆಳಗ್ಗೆಯೇ ಹೋದೆವು. ಗೊಂಗ್‌ಯುವಾನ್ ಎಂದರೆ ಪರೀಕ್ಷೆಯ ಆವರಣ. 1168ರಲ್ಲಿ, ದಕ್ಷಿಣ ಸಾಂಗ್ ಅರಸರ ಕಾಲದಲ್ಲಿ ಆರಂಭವಾದ ಈ ಆವರಣ ಬೆಳೆಯುತ್ತ ಬೆಳೆಯುತ್ತ, ಚೀನಾದ ಕೊನೆಯ ರಾಜವಂಶವಾದ ಚಿಂಗ್ ವಂಶದ ಕೊನೆಯ ಹೊತ್ತಿಗೆ 20,644 ಕೋಣೆಗಳನ್ನು ಹೊಂದಿತ್ತು. ಈಗ ಉಳಿದಿರುವುದು 1534ರಲ್ಲಿ ಕಟ್ಟಿದ ಮಿಂಗ್‌ಯುವಾನ್ ಎಂಬ ಕಾವಲು ಗೋಪುರ, ಅದರ ಪಕ್ಕದಲ್ಲಿ ಹಳೆಯ ಅಳತೆಗೆ ಸರಿಯಾಗಿ ಮತ್ತೆ ಕಟ್ಟಿರುವ ಕೆಲವು ಸಾಲು ಕೋಣೆಗಳು, ಮತ್ತು ನೆಲದಡಿಯಲ್ಲಿ ಕಟ್ಟಿರುವ ವಿಶಾಲವಾದ ವಸ್ತುಸಂಗ್ರಹಾಲಯ.

ಕೋಣೆ ಎಂದು ಬರೆದೆನಾದರೂ ಅದನ್ನು ಗೂಡು ಎಂದು ಕರೆಯುವುದೇ ಸರಿ. ಅಗಲ ಸುಮಾರು ಮೂರು ಅಡಿ, ಆಳ ನಾಲ್ಕು ಅಡಿ. ಬಾಗಿಲಿಲ್ಲ, ಮುಂಭಾಗ ಬಯಲು. ಎರಡು ಹಲಗೆಗಳಿವೆ. ಹಗಲಿನಲ್ಲಿ ಒಂದು ಮೇಜು, ಇನ್ನೊಂದು ಆಸನ. ರಾತ್ರಿ ಮೇಲಿನ ಹಲಗೆಯನ್ನು ಕೆಳಗಿಳಿಸಿ ಎರಡನ್ನೂ ಕೂಡಿಸಿದರೆ ಮಂಚ, ಆದರೆ ಕಾಲು ಚಾಚುವ ಹಾಗಿಲ್ಲ. ಮೂರು ವರ್ಷಕ್ಕೊಮ್ಮೆ ಚಾಂದ್ರಮಾನದ ಎಂಟನೆಯ ತಿಂಗಳಲ್ಲಿ ನಡೆಯುತ್ತಿದ್ದ ಪ್ರಾಂತ್ಯ ಮಟ್ಟದ ಪರೀಕ್ಷೆಗೆ ಅಭ್ಯರ್ಥಿಗಳು ಇಲ್ಲಿಗೆ ಮೂರು ಸಲ ಒಳಗೆ ಬರಬೇಕಿತ್ತು, ಪ್ರತಿ ಸಲವೂ ಎರಡು ರಾತ್ರಿ ಇಲ್ಲಿಯೇ ಕಳೆಯಬೇಕಿತ್ತು. ಮೊದಲ ಸುತ್ತಿನಲ್ಲಿ ಕನ್ಫ್ಯೂಷಿಯಸ್ ಪರಂಪರೆಯ ನಾಲ್ಕು ಗ್ರಂಥಗಳ ಮೇಲೆ ಪ್ರಬಂಧ ಮತ್ತು ಒಂದು ಕವಿತೆ, ಎರಡನೆಯದರಲ್ಲಿ ಐದು ಪ್ರಾಚೀನ ಗ್ರಂಥಗಳು, ಮೂರನೆಯದರಲ್ಲಿ ಆಡಳಿತದ ಪ್ರಶ್ನೆಗಳು. ಮೂರನೆಯ ಸುತ್ತಿನ ನಡುವೆ ಹದಿನೈದರ ಹುಣ್ಣಿಮೆ ಬರುತ್ತಿತ್ತು. ಊರಿನವರೆಲ್ಲ ಮನೆಮಂದಿಯ ಜೊತೆ ಕೂತು ಚಂದ್ರನನ್ನು ನೋಡುವ ಆ ಹಬ್ಬದ ರಾತ್ರಿ ಸಾವಿರಾರು ಗಂಡಸರು ಇಲ್ಲಿ ಮೇಣದ ಬತ್ತಿಯ ಬೆಳಕಿನಲ್ಲಿ ಒಬ್ಬೊಬ್ಬರಾಗಿ ಕೂತು ಬರೆಯುತ್ತಿದ್ದರು. ಸಾಲಿನ ತುದಿಯಲ್ಲಿದ್ದ ಶೌಚದ ಪಕ್ಕದ ಗೂಡು ಯಾರ ಪಾಲಿಗೆ ಬಂತೋ ಅವರ ಮೂರು ವರ್ಷದ ಸಿದ್ಧತೆ ಆ ವಾಸನೆಯಲ್ಲೇ ಮುಗಿಯುತ್ತಿತ್ತು ಎಂದು ಓದಿದಾಗ ನನಗೆ ತುಂಬ ಸಂಕಟವಾಯಿತು.

ಜ್ಯಾಂಗ್‌ಸು ಮತ್ತು ಆನ್‌ಹುಯ್ ಪ್ರಾಂತ್ಯಗಳೆರಡೂ ಇಲ್ಲಿಯೇ ಪರೀಕ್ಷೆ ಬರೆಯುತ್ತಿದ್ದವು. ಚಿಂಗ್ ಕಾಲದಲ್ಲಿ ಎರಡಕ್ಕೂ ಸೇರಿ ನಿಗದಿಯಾಗಿದ್ದ, ಪಾಸಾಗುವವರ ಸಾಮಾನ್ಯ ಸಂಖ್ಯೆ 114: ಜ್ಯಾಂಗ್‌ಸುವಿಗೆ 69, ಆನ್‌ಹುಯ್‌ಗೆ 45. ಗೂಡುಗಳೆಲ್ಲ ತುಂಬಿದ ವರ್ಷದಲ್ಲಿ ನೂರಕ್ಕೆ ಒಬ್ಬರೂ ಪಾಸಾಗುತ್ತಿರಲಿಲ್ಲ. ಹೀಗೆ ಪಾಸಾದವರು ಜ್ಯೂರೆನ್ ಎನಿಸಿಕೊಳ್ಳುತ್ತಿದ್ದರು. ಇದಕ್ಕೂ ಮುಂಚೆ ಊರು ಮತ್ತು ಜಿಲ್ಲೆಯ ಮಟ್ಟದಲ್ಲಿ ಶಿಯೂಚಾಯ್ ಆಗಬೇಕು. ಇದರ ನಂತರ ರಾಜಧಾನಿಯ ಪರೀಕ್ಷೆ, ಕೊನೆಗೆ ಅರಮನೆಯ ಪರೀಕ್ಷೆ. ಅದನ್ನೂ ದಾಟಿದವರು ಜಿನ್‌ಶಿ. ಇಡೀ ಏಣಿಯನ್ನು ಹತ್ತುವಷ್ಟರಲ್ಲಿ ಕೂದಲು ನರೆತವರು ಎಷ್ಟೋ ಮಂದಿ.

ಸಂಗ್ರಹಾಲಯದಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಉತ್ತರಪತ್ರಿಕೆಗಳ ಮುಂದೆ. ಅಭ್ಯರ್ಥಿ ಕಪ್ಪು ಶಾಯಿಯಲ್ಲಿ ಬರೆದ ಪತ್ರಿಕೆಯ ಹೆಸರಿನ ಭಾಗವನ್ನು ಮಡಚಿ ಅಂಟಿಸುತ್ತಿದ್ದರು. ಆಮೇಲೆ ಕೈಬರಹದಿಂದ ಗುರುತು ಹತ್ತಬಾರದೆಂದು ನಕಲುಗಾರರು ಇಡೀ ಪತ್ರಿಕೆಯನ್ನು ಕೆಂಪು ಶಾಯಿಯಲ್ಲಿ ಮತ್ತೆ ಬರೆಯುತ್ತಿದ್ದರು. ಎರಡನ್ನೂ ಹೋಲಿಸಿ ತಿದ್ದುವವರು ಬೇರೆ. ಮೌಲ್ಯಮಾಪಕರ ಕೈಗೆ ಹೋಗುತ್ತಿದ್ದದ್ದು ಕೆಂಪು ಪ್ರತಿ ಮಾತ್ರ, ಅವರನ್ನೂ ಒಳಗೇ ಕೂಡಿಹಾಕಿರುತ್ತಿದ್ದರು. ಹೆಸರು ಮುಚ್ಚುವ ಪದ್ಧತಿ 992ರಲ್ಲಿ ಅರಮನೆಯ ಪರೀಕ್ಷೆಗೆ ಬಂತು, ನಕಲು ಮಾಡಿಸುವ ಪದ್ಧತಿ 1015ರಲ್ಲಿ ಬಂತು. ಇದರಿಂದ ಆದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. 1057ರಲ್ಲಿ ಮುಖ್ಯ ಪರೀಕ್ಷಕನಾಗಿದ್ದ ಓಯಾಂಗ್ ಶಿಯೂ ಒಂದು ಉತ್ತರವನ್ನು ಓದಿ ಬೆರಗಾದ. ಆದರೆ ಇಷ್ಟು ಚೆನ್ನಾಗಿ ಬರೆಯಬಲ್ಲವನು ತನ್ನ ಶಿಷ್ಯ ಝೆಂಗ್ ಗೊಂಗ್ ಒಬ್ಬನೇ, ಶಿಷ್ಯನಿಗೆ ಮೊದಲ ಸ್ಥಾನ ಕೊಟ್ಟರೆ ಜನ ಆಡಿಕೊಳ್ಳುತ್ತಾರೆ ಎಂದು ಅದನ್ನು ಎರಡನೆಯದಾಗಿ ಇರಿಸಿದ. ಹೆಸರು ತೆರೆದಾಗ ಅದು ಸು ಶಿ ಎಂಬ ಯುವಕನದಾಗಿತ್ತು. ಮುಂದೆ ಚೀನಾದ ಮಹಾಕವಿಗಳಲ್ಲಿ ಒಬ್ಬನಾದ ಸು ಶಿ.

ಇಷ್ಟೆಲ್ಲ ಎಚ್ಚರಿಕೆಯಿದ್ದರೂ ಕಳ್ಳತನ ನಡೆಯುತ್ತಿತ್ತು. ಸಾಸಿವೆಯಷ್ಟು ಚಿಕ್ಕ ಅಕ್ಷರಗಳಲ್ಲಿ ಪ್ರಬಂಧಗಳನ್ನು ತುಂಬಿದ ಒಳಂಗಿಗಳು ಇಲ್ಲಿ ಪ್ರದರ್ಶನಕ್ಕಿವೆ. 1711ರಲ್ಲಿ ಇದೇ ಆವರಣದಲ್ಲಿ ನಡೆದ ಪರೀಕ್ಷೆಯ ಫಲಿತಾಂಶದಲ್ಲಿ ಉಪ್ಪಿನ ವ್ಯಾಪಾರಿಗಳ ಮಕ್ಕಳು ಕಾಣಿಸಿಕೊಂಡಾಗ ಸುಜೋವಿನ ವಿದ್ಯಾರ್ಥಿಗಳು ಸಂಪತ್ತಿನ ದೇವರ ಮೂರ್ತಿಯನ್ನು ಹೊತ್ತು ಕನ್ಫ್ಯೂಷಿಯಸ್ ಶಾಲೆಯೊಳಗೆ ತಂದು ಕೂರಿಸಿದರು. ಮಹಾಪ್ರಾಂತಾಧಿಪತಿ ಗಾಲಿ ಮತ್ತು ಪ್ರಾಂತಾಧಿಪತಿ ಝಾಂಗ್ ಬೋಶಿಂಗ್ ಪರಸ್ಪರ ದೂರು ಬರೆದುಕೊಂಡರು. ವಿಚಾರಣೆ ಎಳೆದಾಡಿ, ಕೊನೆಗೆ ಕಾಂಗ್‌ಶಿ ಚಕ್ರವರ್ತಿ ಗಾಲಿಯನ್ನು ವಜಾ ಮಾಡಿದ. ಉಪಪರೀಕ್ಷಕ ಝಾವೋ ಜಿನ್‌ಗೆ ಮರಣದಂಡನೆಯಾಯಿತು.

ಸಂಜೆ ಗೋಪುರದ ಕೆಳಗೆ ಕೂತಾಗ ತಮ್ಮನ ಮಗ ಇನ್ನೊಂದು ಸಂಗತಿ ಹೇಳಿದ. ಗ್ವಾಂಗ್‌ಜೋವಿನಲ್ಲಿ ನಾಲ್ಕು ಸಲ ಪರೀಕ್ಷೆ ಬರೆದು ನಾಲ್ಕು ಸಲವೂ ಸೋತ ಹೊಂಗ್ ಶಿಯೂಚುವಾನ್ ತೈಪಿಂಗ್ ದಂಗೆಯ ನಾಯಕನಾಗಿ 1853ರಲ್ಲಿ ಇದೇ ನಾನ್‌ಜಿಂಗನ್ನು ಹಿಡಿದು ರಾಜಧಾನಿ ಮಾಡಿಕೊಂಡ. 1864ರ ಬೇಸಿಗೆಯಲ್ಲಿ ನಗರ ಮರಳಿ ಚಿಂಗ್ ಸರ್ಕಾರದ ಕೈಗೆ ಬಂದಾಗ, ಸುಟ್ಟು ಕರಕಲಾಗಿದ್ದ ಊರಿನಲ್ಲಿ ಸರ್ಕಾರದ ಸೇನಾನಾಯಕ ಝೆಂಗ್ ಗ್ವೊಫಾನ್ ಈ ಪರೀಕ್ಷಾ ಆವರಣವನ್ನು ರಿಪೇರಿ ಮಾಡಿಸಿ, ಋತು ಮೀರಿದ್ದರೂ ಅದೇ ವರ್ಷದ ಹನ್ನೊಂದನೆಯ ತಿಂಗಳ ಚಳಿಯಲ್ಲಿ ಪರೀಕ್ಷೆ ನಡೆಸಿದ. ಆ ಹೊತ್ತಿನಲ್ಲಿ ಜನರಿಗೆ ಅನ್ನಕ್ಕೂ ಕಷ್ಟವಿತ್ತು. ಆದರೂ ಸರ್ಕಾರ ಮರಳಿ ಬಂದಿದೆ ಎಂದು ಊರಿಗೆ ತಿಳಿಸಲು ಅದಕ್ಕೆ ತೋಚಿದ ದಾರಿ ಪರೀಕ್ಷೆಯಾಗಿತ್ತು ಎಂಬುದನ್ನು ನಾನು ಬಹಳ ಹೊತ್ತು ಯೋಚಿಸುತ್ತ ಕೂತೆ. ಬೀದಿಯಲ್ಲಿ ಗುಯ್‌ಹುವಾ ಹೂವಿನ ಪರಿಮಳ ತುಂಬಿತ್ತು. ಶರತ್ಕಾಲದ ಈ ಪರೀಕ್ಷೆಯಲ್ಲಿ ಪಾಸಾಗುವುದನ್ನು ಚೀನಿಯರು ಇಂದಿಗೂ 'ಗುಯ್ ಕೊಂಬೆ ಮುರಿಯುವುದು' ಎನ್ನುತ್ತಾರಂತೆ.

ಎರಡನೆಯ ದಿನ: ನಾನ್‌ಜಿಂಗ್ ಕೋಟೆ

ಮಿಂಗ್ ವಂಶದ ಸ್ಥಾಪಕ ಹೊಂಗ್‌ವು ಚಕ್ರವರ್ತಿ ಕಟ್ಟಿಸಿದ ಕೋಟೆ ಮೂಲದಲ್ಲಿ ಸುಮಾರು 35 ಕಿಲೋಮೀಟರ್ ಉದ್ದವಿತ್ತು. ಝೊಂಗ್‌ಹುವಾ ಹೆಬ್ಬಾಗಿಲಿನ ಬಳಿ ಹತ್ತಿ, ಗೋಡೆಯ ಇಟ್ಟಿಗೆಗಳನ್ನು ಒಂದೊಂದಾಗಿ ನೋಡುತ್ತ ನಡೆದೆವು. ಇಟ್ಟಿಗೆಗಳ ಬದಿಯಲ್ಲಿ ಅಕ್ಷರಗಳ ಸಾಲುಗಳಿವೆ. ತಮ್ಮನ ಮಗ ಬೆರಳಿಟ್ಟು ಓದಿದ: ಇಂಥ ಜಿಲ್ಲೆ, ಮೇಲ್ವಿಚಾರಣೆಯ ಅಧಿಕಾರಿ ಇಂಥವನು, ಗುಮಾಸ್ತ ಇಂಥವನು, ಹಳ್ಳಿಯ ಮುಖ್ಯಸ್ಥ ಇಂಥವನು, ಗೂಡು ಸುಟ್ಟವನು ಇಂಥವನು, ಇಟ್ಟಿಗೆ ಅಚ್ಚು ಹಾಕಿದವನು ಇಂಥವನು. ಒಡೆದ ಇಟ್ಟಿಗೆ ಬಂದರೆ ಯಾರನ್ನು ಹಿಡಿಯಬೇಕೆಂಬುದು ಇಟ್ಟಿಗೆಯ ಮೇಲೆಯೇ ಬರೆದಿತ್ತು. ನಿನ್ನೆ ಆರಿಸುವಾಗ ಹೆಸರನ್ನು ಅಂಟು ಹಾಕಿ ಮುಚ್ಚಿದ್ದನ್ನು ಕಂಡೆ. ಇಂದು ಕೆಲಸ ಕೊಟ್ಟ ಮೇಲೆ ಅದೇ ಹೆಸರನ್ನು ಮಣ್ಣಿನಲ್ಲಿ ಒತ್ತಿ ಸುಟ್ಟಿರುವುದನ್ನು ಕಂಡೆ.

ಹೊಂಗ್‌ವು ಬಡ ರೈತನ ಮಗ; ಅಧಿಕಾರಿಗಳನ್ನು ಬಾಲ್ಯದಿಂದ ಕೆಳಗಿನಿಂದಲೇ ನೋಡಿದ್ದವನು. ಪರೀಕ್ಷೆಯನ್ನು ಮತ್ತೆ ಆರಂಭಿಸಿ, ಪಾಸಾದವರಲ್ಲಿ ಹಲವರು ಓದು ಬಲ್ಲವರೇ ಹೊರತು ಕೆಲಸ ಬಲ್ಲವರಲ್ಲವೆಂದು 1373ರಲ್ಲಿ ನಿಲ್ಲಿಸಿದ, ಹತ್ತು ವರ್ಷದ ನಂತರ ಅದಕ್ಕೇ ಮರಳಿದ. 1380ರಲ್ಲಿ ಪ್ರಧಾನಮಂತ್ರಿಯ ಹುದ್ದೆಯನ್ನೇ ರದ್ದು ಮಾಡಿ ಆರು ಸಚಿವಾಲಯಗಳನ್ನೂ ನೇರವಾಗಿ ತನ್ನ ಕೈಗೆ ತೆಗೆದುಕೊಂಡ. 1397ರಲ್ಲಿ ಪಾಸಾದವರೆಲ್ಲರೂ ದಕ್ಷಿಣದವರೇ ಎಂದು ಉತ್ತರದವರು ಗಲಾಟೆ ಮಾಡಿದಾಗ, ಮರುಪರಿಶೀಲನೆ ಮಾಡಿದವರು ಮೊದಲಿನ ಫಲಿತಾಂಶವೇ ಸರಿಯೆಂದರು. ಚಕ್ರವರ್ತಿ ಅವರಲ್ಲಿ ಹಲವರನ್ನು ಕೊಲ್ಲಿಸಿ, ಉತ್ತರದವರದೇ ಇನ್ನೊಂದು ಪಟ್ಟಿ ಹೊರಡಿಸಿದ. ಪ್ರದೇಶವಾರು ಪಾಲು ಗೊತ್ತುಮಾಡುವ ಪದ್ಧತಿ ಅವನ ನಂತರದ ದಶಕಗಳಲ್ಲಿ ನೆಲೆಗೊಂಡಿತು. ಪ್ರದೇಶವಾರು ಪಾಲು ನ್ಯಾಯವೇ ಎಂಬ ವಾದವನ್ನು ನಮ್ಮ ಕಡೆಯೂ ಕೇಳಿ ಬೆಳೆದವಳು ನಾನು. ಪಾಲು ಬೇಕಿತ್ತು ಎಂದೇ ನನ್ನ ಅಭಿಪ್ರಾಯ, ಆದರೆ ಅದಕ್ಕಾಗಿ ಪ್ರಾಮಾಣಿಕ ಪರೀಕ್ಷಕರು ಜೀವ ತೆರಬೇಕಿರಲಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಖಾಲಿ ಮೊಹರಿನ ಪ್ರಕರಣ. ಪ್ರತಿ ವರ್ಷ ತೆರಿಗೆಯ ಲೆಕ್ಕವನ್ನು ರಾಜಧಾನಿಯ ಕಂದಾಯ ಸಚಿವಾಲಯದಲ್ಲಿ ತಾಳೆ ನೋಡಿಸಬೇಕಿತ್ತು. ಒಂದು ಅಂಕಿ ತಪ್ಪಿದರೂ ಹೊಸ ಪತ್ರ ಬರೆದು, ನೂರಾರು ಮೈಲಿ ಹಿಂದಿರುಗಿ, ಮೊಹರು ಹಾಕಿಸಿಕೊಂಡು ಬರಬೇಕು. ಆದ್ದರಿಂದ ಲೆಕ್ಕದ ಗುಮಾಸ್ತರು ಮೊದಲೇ ಮೊಹರು ಒತ್ತಿದ ಖಾಲಿ ಹಾಳೆಗಳನ್ನು ಜೊತೆಗೆ ಒಯ್ಯುತ್ತಿದ್ದರು. ಎಲ್ಲರಿಗೂ ಗೊತ್ತಿದ್ದ ರೂಢಿ ಅದು. ಚಕ್ರವರ್ತಿಗೆ ತಿಳಿದಾಗ ಇದು ವಂಚನೆಯೇ ಎಂದು ತೀರ್ಮಾನಿಸಿ ಮೊಹರಿನ ಹೊಣೆ ಹೊತ್ತಿದ್ದ ಅಧಿಕಾರಿಗಳಿಗೆ ಮರಣದಂಡನೆ, ಕೆಳಗಿನವರಿಗೆ ನೂರು ಹೊಡೆತ ಮತ್ತು ಗಡಿಪಾರು ವಿಧಿಸಿದ. ಜಮಾಬಂದಿಯ ದಿನಗಳಲ್ಲಿ ಒಂದು ಅಂಕಿ ಹೊಂದದೆ ರಾತ್ರಿಯೆಲ್ಲ ಕಚೇರಿಯಲ್ಲಿ ಕೂತಿದ್ದವಳಿಗೆ ಆ ಗುಮಾಸ್ತರ ಅವಸರವೂ ಭಯವೂ ಅರ್ಥವಾಗುತ್ತದೆ. ಗೋಡೆಯ ಮೇಲೆ ನಿಂತು ಕೆಳಗಿನ ಊರನ್ನು ನೋಡುತ್ತಿದ್ದಾಗ ನನಗೆ ಅವರದೇ ನೆನಪಾಗುತ್ತಿತ್ತು.

ಮೂರನೆಯ ದಿನ: ರೈಲಿನಲ್ಲಿ

ನಾನ್‌ಜಿಂಗ್‌ನಿಂದ ಶಿಆನ್ ಕಡೆಗೆ ಹೋಗುವ ಹಳೆಯ ಮಾರ್ಗದ ರೈಲಿನಲ್ಲಿ ಹೊರಟು ಹನಾನ್ ಪ್ರಾಂತ್ಯದ ನಾನ್‌ಯಾಂಗ್‌ನಲ್ಲಿ ಇಳಿದೆವು. ಊರಿನಿಂದ ತಂದಿದ್ದ ಅವಲಕ್ಕಿ, ಚಟ್ನಿಪುಡಿ ಮುಗಿದದ್ದು ಈ ದಿನವೇ. ಕಿಟಕಿಯಾಚೆ ಕೊಯ್ಲಾದ ಜೋಳದ ಹೊಲಗಳು ಹಾದುಹೋಗುತ್ತಿದ್ದವು. ಪರೀಕ್ಷೆಯಲ್ಲಿ ಗೆದ್ದ ದಕ್ಷಿಣದ ಒಬ್ಬ ಯುವಕ ನೇಮಕದ ಆದೇಶ ಹಿಡಿದು, ತಾನೆಂದೂ ನೋಡದ ಇಂಥ ಬಯಲಿಗೆ ವಾರಗಟ್ಟಲೆ ಪ್ರಯಾಣ ಮಾಡಿ ಬರುತ್ತಿದ್ದದ್ದನ್ನು ಕಲ್ಪಿಸಿಕೊಳ್ಳಲು ಪ್ರಯತ್ನಿಸಿದೆ. ಅವನಿಗೆ ಇಲ್ಲಿಯ ಆಡುಮಾತು ಕೂಡ ಅರ್ಥವಾಗುತ್ತಿರಲಿಲ್ಲ.

ಅದು ಅಕಸ್ಮಾತ್ ಆದದ್ದಲ್ಲ, ನಿಯಮವೇ ಹಾಗಿತ್ತು. ಯಾರೂ ತನ್ನ ಸ್ವಂತ ಪ್ರಾಂತ್ಯದಲ್ಲಿ ಅಧಿಕಾರ ನಡೆಸುವಂತಿರಲಿಲ್ಲ. ಚಿಂಗ್ ಕಾಲದಲ್ಲಿ ಪಕ್ಕದ ಪ್ರಾಂತ್ಯವಾದರೂ ತನ್ನ ಊರಿನಿಂದ 500 ಲಿ, ಅಂದರೆ ಸುಮಾರು 290 ಕಿಲೋಮೀಟರ್ ಒಳಗೆ ನೇಮಕ ಕೂಡದು. ಹತ್ತಿರದ ಬಂಧುಗಳು ಒಂದೇ ಕಚೇರಿಯಲ್ಲಿ ಮೇಲೆ ಕೆಳಗೆ ಇರಕೂಡದು. ತಂದೆಯೋ ತಾಯಿಯೋ ತೀರಿಕೊಂಡರೆ ಹುದ್ದೆ ಬಿಟ್ಟು 27 ತಿಂಗಳು ಊರಲ್ಲಿ ಶೋಕ ಆಚರಿಸಬೇಕು. ಯಾವ ಊರಿಗೆ ನೇಮಕವೆಂಬುದನ್ನು ಕೂಡ 1594ರಿಂದ ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ಸಿಬ್ಬಂದಿ ಸಚಿವನಾಗಿದ್ದ ಸುನ್ ಪಿಯಾಂಗ್ ಅದನ್ನು ತಂದದ್ದು ಅರಮನೆಯ ಪ್ರಭಾವಿಗಳ ಶಿಫಾರಸುಗಳನ್ನು ತಡೆಯಲಾರದೆ. ಯೋಗ್ಯತೆ ನೋಡಿ ನೇಮಿಸಬೇಕಾದ ಸಚಿವ ಬಿದಿರಿನ ಕಡ್ಡಿಗೆ ಕೆಲಸ ಒಪ್ಪಿಸಿಬಿಟ್ಟನೆಂದು ಅಂದೇ ಟೀಕೆ ಬಂತು. ಶಿಫಾರಸು ಪತ್ರಗಳ ಕಟ್ಟನ್ನು ಕಣ್ಣಾರೆ ಕಂಡವಳಾಗಿ ನಾನು ಆ ಸಚಿವನ ಕಷ್ಟದ ಪಕ್ಷ.

ನಾಲ್ಕನೆಯ ದಿನ: ನೇಶ್ಯಾಂಗ್ ಕಚೇರಿ

ಚಿಂಗ್ ಚೀನಾದಲ್ಲಿ ನಮ್ಮ ತಾಲ್ಲೂಕಿಗೆ ಹೋಲಿಸಬಹುದಾದ 'ಶ್ಯೆನ್'ಗಳು ಸುಮಾರು 1,300 ಇದ್ದವು. ಹತ್ತೊಂಬತ್ತನೆಯ ಶತಮಾನದ ನಡುವಿಗೆ ಜನಸಂಖ್ಯೆ ನಲವತ್ತು ಕೋಟಿ ದಾಟಿತ್ತು. ಒಂದೊಂದು ಶ್ಯೆನ್‌ಗೆ ಚಕ್ರವರ್ತಿಯ ಪ್ರತಿನಿಧಿಯಾಗಿ ಒಬ್ಬ ಅಧಿಕಾರಿ: ತೆರಿಗೆ ಅವನದೇ, ನ್ಯಾಯ ಅವನದೇ, ಕ್ಷಾಮ, ಕಳ್ಳತನ, ಶಾಲೆ, ಸೇತುವೆ ಎಲ್ಲವೂ ಅವನದೇ. ಒಂಬತ್ತು ದರ್ಜೆಗಳಲ್ಲಿ ಅವನದು ಏಳನೆಯದು. ಎದೆಯ ಮೇಲಿನ ಕಸೂತಿಯಲ್ಲಿ ಮೊದಲ ದರ್ಜೆಯವನಿಗೆ ಕೊಕ್ಕರೆ, ಅವನಿಗೆ ಜೋಡಿ ಬಾತು.

ನೇಶ್ಯಾಂಗ್‌ನ ಯಾಮೆನ್, ಎಂದರೆ ಆ ಅಧಿಕಾರಿಯ ಕಚೇರಿಯೂ ಮನೆಯೂ ಸೇರಿದ ಆವರಣ, 1304ರಲ್ಲಿ ಆರಂಭವಾದದ್ದು. ಈಗಿರುವ ಕಟ್ಟಡಗಳನ್ನು ಬಹುಮಟ್ಟಿಗೆ 1890ರ ದಶಕದಲ್ಲಿ ಝಾಂಗ್ ಬಿಂಗ್‌ತಾವೋ ಎಂಬ ಅಧಿಕಾರಿ ಮತ್ತೆ ಕಟ್ಟಿಸಿದ. ಅವನೂ ದೂರದ ಝೆಜಿಯಾಂಗ್‌ನಿಂದ ಬಂದವನೇ. ಬಾಗಿಲಿನ ಎದುರಿನ ಗೋಡೆಯ ಮೇಲೆ ಸೂರ್ಯನನ್ನೇ ನುಂಗಲು ಹೊರಟ ದುರಾಸೆಯ ಮೃಗ. ಹೆಬ್ಬಾಗಿಲಿನಲ್ಲಿ ಅಹವಾಲು ತಂದವರು ಬಾರಿಸುವ ನಗಾರಿ. ಒಳಗಿನ ದೊಡ್ಡ ಚಾವಡಿಯ ಮುಂದೆ ವಾದಿ ಮತ್ತು ಪ್ರತಿವಾದಿ ಮೊಣಕಾಲೂರುವ ಎರಡು ಕಲ್ಲುಗಳು. ಎಚ್ಚರಿಕೆಯ ಶಾಸನದಲ್ಲಿ ಅಧಿಕಾರಿ ತನ್ನ ಪೀಠದಿಂದ ನೋಡಿದರೆ ಕಾಣುವಂತೆ ಹದಿನಾರು ಅಕ್ಷರಗಳಿವೆ: ನಿನ್ನ ಸಂಬಳ, ನಿನ್ನ ದವಸ ಎಲ್ಲವೂ ಜನರ ಮಜ್ಜೆ, ಜನರ ಕೊಬ್ಬು, ಕೆಳಗಿನ ಜನರನ್ನು ಹಿಂಸಿಸುವುದು ಸುಲಭ, ಮೇಲಿನ ಆಕಾಶವನ್ನು ವಂಚಿಸುವುದು ಕಷ್ಟ. ಸಾಂಗ್ ವಂಶದ ತೈಜೊಂಗ್ ಚಕ್ರವರ್ತಿ ಆಯ್ದು ಎಲ್ಲ ಕಚೇರಿಗಳಿಗೂ ಕಳಿಸಿದ ಮಾತುಗಳಿವು. ಮೂರನೆಯ ಚಾವಡಿಯ ಕಂಬಗಳ ಮೇಲಿರುವ ಇನ್ನೊಂದು ಬರಹವನ್ನು ಪ್ರವಾಸಿಗರೆಲ್ಲ ಫೋಟೋ ತೆಗೆದುಕೊಳ್ಳುತ್ತಿದ್ದರು. ಅದರ ಕೊನೆಯ ಸಾಲನ್ನು ತಮ್ಮನ ಮಗ ಅನುವಾದಿಸಿದ: "ಜನರ ಬಟ್ಟೆ ತೊಟ್ಟು, ಜನರ ಅನ್ನ ಉಂಡು, ಜನರನ್ನು ಮೋಸಗೊಳಿಸಬಹುದು ಎನ್ನಬೇಡ, ನೀನೂ ಆ ಜನರಲ್ಲಿ ಒಬ್ಬ."

ಆದರೆ ನಾನು ಅರ್ಧ ದಿನ ಕಳೆದದ್ದು ದೊಡ್ಡ ಚಾವಡಿಯ ಎದುರು ಎರಡೂ ಬದಿಗೆ ಸಾಲಾಗಿರುವ ಆರು ಕೋಣೆಗಳಲ್ಲಿ. ರಾಜಧಾನಿಯ ಆರು ಸಚಿವಾಲಯಗಳ ಪಡಿಯಚ್ಚಿನಂತೆ ಇಲ್ಲಿ ಸಿಬ್ಬಂದಿ, ಕಂದಾಯ, ಆಚರಣೆ, ಸೇನೆ, ಶಿಕ್ಷೆ, ಕಾಮಗಾರಿ ಎಂಬ ಆರು ಶಾಖೆಗಳು. ಕಂದಾಯದ ಕೋಣೆಯ ಮೇಜು, ಕಡತದ ಕಪಾಟು, ಲೆಕ್ಕದ ಮಣಿಚೌಕಟ್ಟು ನೋಡಿ ಪರಿಚಯದ ಊರಿಗೆ ಬಂದಂತಾಯಿತು. ಇಲ್ಲಿ ಕೂತಿದ್ದ ಗುಮಾಸ್ತರು ಯಾವ ದೊಡ್ಡ ಪರೀಕ್ಷೆಯನ್ನೂ ಪಾಸಾದವರಲ್ಲ. ಅವರು ಇದೇ ಊರಿನವರು. ವರ್ಗಾವಣೆ ಅಧಿಕಾರಿಗೆ ಮಾತ್ರ. ಯಾವ ಹೊಲ ಯಾರದು, ಯಾವ ಪುಸ್ತಕದ ಯಾವ ಹಾಳೆಯಲ್ಲಿ ಯಾರ ಬಾಕಿ ಇದೆ ಎಂಬುದು ಅವರಿಗೆ ಗೊತ್ತಿತ್ತು. ಮತ್ತು ಅವರಿಗೆ ಬದುಕಲು ಸಾಕಾಗುವ ಸಂಬಳವನ್ನು ಸರ್ಕಾರ ಕೊಡುತ್ತಿರಲಿಲ್ಲ. ಪ್ರತಿ ಅರ್ಜಿ, ಪ್ರತಿ ನಕಲು, ಪ್ರತಿ ರಸೀದಿಗೆ ಜನರಿಂದ ಪಡೆಯುವ ರೂಢಿಯ ಶುಲ್ಕದ ಮೇಲೆ ಅವರ ಸಂಸಾರ ನಡೆಯುತ್ತಿತ್ತು. ಓದಿದ ವರ್ಗದವರು ಬರೆದಿಟ್ಟ ಪುಸ್ತಕಗಳಲ್ಲಿ ಈ ಗುಮಾಸ್ತರನ್ನು ಇಲಿಗಳೆಂದೂ ನರಿಗಳೆಂದೂ ಬೈದದ್ದೇ ಹೆಚ್ಚು. ಹಣ ಕೊಡದೆ ಕೆಲಸ ತೆಗೆದ ಸರ್ಕಾರವನ್ನು ಬೈದವರು ಅಷ್ಟು ಮಂದಿ ಇಲ್ಲ ಎಂಬುದು ನನ್ನ ಆಕ್ಷೇಪಣೆ. ನಮ್ಮ ಸೀಮೆಯಲ್ಲಿ ವಂಶಪಾರಂಪರ್ಯವಾಗಿ ಲೆಕ್ಕ ಬರೆಯುತ್ತಿದ್ದ ಶಾನುಭೋಗರನ್ನು ಕುರಿತೂ ಇಂಥ ಮಾತುಗಳೇ ಇದ್ದವು. 1961ರ ಕಾಯ್ದೆಯ ಮೂಲಕ ಆ ಹುದ್ದೆಗಳು ರದ್ದಾದವು, ಆದರೆ ಅವರು ಬರೆದಿಟ್ಟ ಪುಸ್ತಕಗಳಿಲ್ಲದೆ ಹಳೆಯ ಜಮೀನಿನ ವ್ಯಾಜ್ಯ ಬಗೆಹರಿಯುವುದಿಲ್ಲ.

ಹೊಸ ಅಧಿಕಾರಿ ಬಂದ ಮೊದಲ ದಿನ ಅವನ ಸ್ಥಿತಿ ಹೇಗಿತ್ತೆಂದು ಇಲ್ಲಿ ನಿಂತಾಗ ತಿಳಿಯುತ್ತದೆ. ಪ್ರಬಂಧ ಬರೆಯಲು ಬರುತ್ತದೆ, ಲೆಕ್ಕ ಬರುವುದಿಲ್ಲ, ಕಾನೂನು ಗೊತ್ತಿಲ್ಲ, ಭಾಷೆ ತಿಳಿಯದು, ಮೂರು ವರ್ಷದಲ್ಲಿ ಹೊರಡಬೇಕು. ಆದ್ದರಿಂದ ಅವನು ತನ್ನ ಸ್ವಂತ ಖರ್ಚಿನಲ್ಲಿ ಖಾಸಗಿ ಸಲಹೆಗಾರರನ್ನು ಕರೆತರುತ್ತಿದ್ದ: ಒಬ್ಬ ಕಾನೂನಿಗೆ, ಒಬ್ಬ ತೆರಿಗೆಗೆ, ಒಬ್ಬ ಪತ್ರವ್ಯವಹಾರಕ್ಕೆ. ಅವರಲ್ಲಿ ಶಾವೋಶಿಂಗ್ ಊರಿನವರು ಹೆಸರಾಂತರು. ಪರೀಕ್ಷೆಯಲ್ಲಿ ಮುಂದೆ ಹೋಗಲಾಗದ ಬುದ್ಧಿವಂತರು ಅಲ್ಲಿ ಈ ವೃತ್ತಿಯನ್ನೇ ಕಲಿಯುತ್ತಿದ್ದರು. ಈ ಖರ್ಚಿಗೆಲ್ಲ ಅವನ ಮೂಲ ಸಂಬಳ ವರ್ಷಕ್ಕೆ 45 ಲ್ಯಾಂಗ್ ಬೆಳ್ಳಿ. ಒಂದು ಲ್ಯಾಂಗ್ ಎಂದರೆ ಸುಮಾರು 37 ಗ್ರಾಂ. 1720ರ ದಶಕದಲ್ಲಿ ಯೊಂಗ್‌ಝೆಂಗ್ ಚಕ್ರವರ್ತಿ, ಕದ್ದುಮುಚ್ಚಿ ವಸೂಲಾಗುತ್ತಿದ್ದ ಹೆಚ್ಚುವರಿ ತೆರಿಗೆಯನ್ನು ಬಹಿರಂಗಕ್ಕೆ ತಂದು, ಅದರಿಂದಲೇ 'ಪ್ರಾಮಾಣಿಕತೆಯನ್ನು ಪೋಷಿಸುವ ಹಣ' ಎಂಬ ದೊಡ್ಡ ಭತ್ಯೆಯನ್ನು ಕೊಡಿಸಿದ. ಮೂಲ ಸಂಬಳದ ಹತ್ತಿಪ್ಪತ್ತು ಪಟ್ಟು ಇದ್ದ ಈ ಭತ್ಯೆ ಅಧಿಕಾರಿಗೆ ಸಿಕ್ಕಿತು. ಗುಮಾಸ್ತನ ಮೇಜಿನವರೆಗೆ ಬರಲಿಲ್ಲ.

ಅಧಿಕಾರಿಯ ಮೇಲೆ ಮೂರು ವರ್ಷಕ್ಕೊಮ್ಮೆ 'ದಾಜಿ' ಎಂಬ ಮಹಾ ಮೌಲ್ಯಮಾಪನ ನಡೆಯುತ್ತಿತ್ತು. ಶೀಲ, ಸಾಮರ್ಥ್ಯ, ಆಡಳಿತ, ವಯಸ್ಸು ಎಂಬ ನಾಲ್ಕು ತಲೆಬರಹದಡಿ ಮೇಲಧಿಕಾರಿಗಳು ಷರಾ ಬರೆಯುತ್ತಿದ್ದರು. ತೆರಿಗೆ ಬಾಕಿ ಉಳಿದರೆ, ಕಳ್ಳ ಸಿಗದೆ ಗಡುವು ಮೀರಿದರೆ ಸಂಬಳ ಕಡಿತ, ಹಿಂಬಡ್ತಿ, ವಜಾ. ಹಿಂದೆ ಗಳಿಸಿದ ಪ್ರಶಂಸೆಯನ್ನು ಇಂದಿನ ದಂಡಕ್ಕೆ ವಜಾ ಹಾಕಿಕೊಳ್ಳುವ ಲೆಕ್ಕವೂ ಇತ್ತು. ಸೇವಾ ಪುಸ್ತಕ ಎಂಬ ಮಾತು ಗೊತ್ತಿರುವ ಯಾರಿಗೂ ಇದನ್ನು ವಿವರಿಸಬೇಕಿಲ್ಲ.

ಐದನೆಯ ದಿನ: ಬಾವೋದಿಂಗ್

ಝೆಂಗ್‌ಜೋ ಮಾರ್ಗವಾಗಿ ಅತಿವೇಗದ ರೈಲಿನಲ್ಲಿ ಉತ್ತರಕ್ಕೆ ಹೊರಟು ಮಧ್ಯಾಹ್ನಕ್ಕೆ ಬಾವೋದಿಂಗ್ ತಲುಪಿದೆವು. ಬೀಜಿಂಗನ್ನು ಸುತ್ತುವರಿದ ಝಿಲಿ ಪ್ರಾಂತ್ಯದ ಮಹಾಪ್ರಾಂತಾಧಿಪತಿಯ ಕಚೇರಿ ಇಲ್ಲಿದೆ. ವರ್ಷಕ್ಕೆ 15,000 ಲ್ಯಾಂಗ್ ಭತ್ಯೆಯಿದ್ದ ಹುದ್ದೆ ಅದು. ಇಲ್ಲಿ ಅಧಿಕಾರ ನಡೆಸಿದವರ ಚಿತ್ರಗಳ ಸಾಲನ್ನು ನೋಡಿದರೆ ಪರೀಕ್ಷೆಯೊಂದೇ ಬಾಗಿಲಾಗಿರಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಝೆಂಗ್ ಗ್ವೊಫಾನ್ 1838ರ ಜಿನ್‌ಶಿ, ಲಿ ಹೊಂಗ್‌ಝಾಂಗ್ 1847ರ ಜಿನ್‌ಶಿ. ಆದರೆ ಯೊಂಗ್‌ಝೆಂಗ್‌ನ ನಂಬಿಕೆಯ ಲಿ ವೇಯ್ ಹಣ ಕಟ್ಟಿ ಹುದ್ದೆ ಪಡೆದು ಒಳಗೆ ಬಂದವನು. ಸರ್ಕಾರವೇ ದರ ಗೊತ್ತುಮಾಡಿ ಪದವಿ, ಹುದ್ದೆಗಳನ್ನು ಮಾರುತ್ತಿತ್ತು, ಯುದ್ಧ ಬಂದಾಗಲೆಲ್ಲ ಆ ಮಾರಾಟ ಹೆಚ್ಚುತ್ತಿತ್ತು. ಯುವಾನ್ ಶಿಕಾಯ್ ಎರಡು ಸಲ ಪರೀಕ್ಷೆಯಲ್ಲಿ ಸೋತವನು.

ಕಚೇರಿಯ ಎದುರಿಗೇ ಲ್ಯೆನ್‌ಚಿ ವಿದ್ಯಾಪೀಠದ ತಾವರೆ ಕೊಳವಿದೆ. ಇಲ್ಲಿ ವರ್ಷಗಟ್ಟಲೆ ಓದಿದ ಲ್ಯೂ ಚುನ್‌ಲಿನ್ 1904ರ ಅರಮನೆ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ. 1905ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆಯೇ ರದ್ದಾಯಿತು. ರದ್ದು ಮಾಡಿ, ಹೊಸ ಶಾಲೆಗಳನ್ನು ತೆರೆಯಿರಿ ಎಂದು ಅರ್ಜಿ ಬರೆದವರಲ್ಲಿ ಆಗಿನ ಝಿಲಿ ಮಹಾಪ್ರಾಂತಾಧಿಪತಿ ಯುವಾನ್ ಶಿಕಾಯ್ ಒಬ್ಬ; 1863ರ ಪರೀಕ್ಷೆಯಲ್ಲಿ ಮೂರನೆಯ ಸ್ಥಾನ ಪಡೆದಿದ್ದ ಝಾಂಗ್ ಝಿದೊಂಗ್ ಇನ್ನೊಬ್ಬ. ಅಷ್ಟು ಹೊತ್ತಿಗೆ ಇಂಥ ಪರೀಕ್ಷೆ ನಮ್ಮ ಕಡೆ ಬೇರೂರಿತ್ತು. ಇಂಡಿಯನ್ ಸಿವಿಲ್ ಸರ್ವಿಸ್‌ಗೆ 1855ರಿಂದ ಬಹಿರಂಗ ಸ್ಪರ್ಧೆ ಆರಂಭವಾಯಿತು. ಆ ಕಾಲದ ಬ್ರಿಟಿಷ್ ಚರ್ಚೆಗಳಲ್ಲಿ ಪರವಾಗಿಯೂ ವಿರುದ್ಧವಾಗಿಯೂ ಚೀನಾದ ಉದಾಹರಣೆ ಬರುತ್ತಿತ್ತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಮೈಸೂರು ಸಂಸ್ಥಾನವೂ ತನ್ನ ಸಿವಿಲ್ ಸರ್ವಿಸ್ ಪರೀಕ್ಷೆ ನಡೆಸತೊಡಗಿತು. ನಾನು ಬರೆದ ಚಿಕ್ಕ ಪರೀಕ್ಷೆಯ ಪೂರ್ವಜರ ಪೂರ್ವಜ ಇದೇ ನೆಲದ್ದು.

ಆರನೆಯ ದಿನ: ಬೀಜಿಂಗ್ ಅರಮನೆ

ಅರಮನೆಯಲ್ಲಿ ಜನಪ್ರವಾಹ ಸಿಂಹಾಸನದ ಕಡೆಗೆ ಹರಿಯುತ್ತಿತ್ತು. ನಾವು ಬಾವೋಹೆ ಸಭಾಂಗಣದ ಮುಂದೆ ನಿಂತೆವು. 1789ರಿಂದ ಕೊನೆಯ ಪರೀಕ್ಷೆ ನಡೆಯುತ್ತಿದ್ದದ್ದು ಇಲ್ಲಿಯೇ. ಒಂದೇ ದಿನ, ಸೂರ್ಯ ಮುಳುಗುವುದರೊಳಗೆ ಮುಗಿಸಬೇಕು. ಇಲ್ಲಿ ಯಾರೂ ಅನುತ್ತೀರ್ಣರಾಗುವುದಿಲ್ಲ, ಸ್ಥಾನ ಮಾತ್ರ ನಿರ್ಧಾರವಾಗುತ್ತದೆ. ಎಂಟು ಮಂದಿ ಓದುಗ ಅಧಿಕಾರಿಗಳು ಪ್ರತಿ ಪತ್ರಿಕೆಯ ಮೇಲೂ ವೃತ್ತ, ತ್ರಿಕೋನ, ಚುಕ್ಕೆ, ಗೆರೆ, ಅಡ್ಡಗುರುತು ಎಂಬ ಐದರಲ್ಲಿ ಒಂದನ್ನು ಹಾಕಿ, ಮೊದಲ ಹತ್ತನ್ನು ಚಕ್ರವರ್ತಿಗೆ ಒಪ್ಪಿಸುತ್ತಿದ್ದರು. ಫಲಿತಾಂಶದ ದಿನ ಮೊದಲ ಮೂವರು ಚಕ್ರವರ್ತಿಯ ಹಾದಿಯಾದ, ವೂಮೆನ್ ಎಂಬ ಹೆಬ್ಬಾಗಿಲಿನ ನಡುಬಾಗಿಲಿನಿಂದ ಹೊರಗೆ ನಡೆಯಬಹುದಿತ್ತು. ಬದುಕಿನಲ್ಲಿ ಅದೊಂದೇ ಸಲ.

ಅಲ್ಲಿಂದ ಒಳ ಅರಮನೆಯ ಬಾಗಿಲಿನ ಪಶ್ಚಿಮಕ್ಕೆ ಗೋಡೆಗೆ ಒರಗಿದಂತೆ ಒಂದು ಸಾಲು ತಗ್ಗಿನ ಕೋಣೆಗಳಿವೆ. ನಮ್ಮೂರಿನ ಹಳೆಯ ನಾಡಕಚೇರಿಗಿಂತ ಅವು ದೊಡ್ಡವಲ್ಲ. 1729ರ ಹೊತ್ತಿಗೆ ವಾಯವ್ಯದ ಯುದ್ಧಕ್ಕಾಗಿ ಆರಂಭವಾಗಿ ಮುಂದೆ ಇಡೀ ಸಾಮ್ರಾಜ್ಯದ ಆದೇಶಗಳು ಹೊರಟ ಮಹಾಮಂಡಳಿಯ ಕಚೇರಿ ಇದೇ. ಚಕ್ರವರ್ತಿಗೆ ನೇರವಾಗಿ ಬರುತ್ತಿದ್ದ ಗುಪ್ತ ವರದಿಗಳ ವ್ಯವಸ್ಥೆಯನ್ನು ಬೆಳೆಸಿದವನು ಯೊಂಗ್‌ಝೆಂಗ್. ಅಧಿಕಾರಿಗೆ ಬೀಗದ ಪೆಟ್ಟಿಗೆ ಕೊಡುತ್ತಿದ್ದ. ಒಂದು ಕೀಲಿ ಅವನ ಬಳಿ, ಇನ್ನೊಂದು ಚಕ್ರವರ್ತಿಯ ಬಳಿ. ವರದಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ತಾನೇ ಉತ್ತರ ಬರೆದು ಹಿಂದಿರುಗಿಸುತ್ತಿದ್ದ, ಓದಿದ ಮೇಲೆ ಅದನ್ನು ಮತ್ತೆ ಅರಮನೆಗೆ ಒಪ್ಪಿಸಬೇಕು. ತಿಯೆನ್ ವೆನ್‌ಜಿಂಗ್ ಎಂಬ ಅಧಿಕಾರಿಗೆ ಅವನು ಬರೆದ ಸಾಲು ಪ್ರಸಿದ್ಧ: "ನಾನು ಇಂಥ ಗಂಡಸು, ಇಂಥದೇ ಸ್ವಭಾವ, ಇಂಥದೇ ಚಕ್ರವರ್ತಿ." ಒಬ್ಬರ ವರದಿ ಇನ್ನೊಬ್ಬರಿಗೆ ತಿಳಿಯದು, ಆದ್ದರಿಂದ ಎಲ್ಲರೂ ಎಲ್ಲರನ್ನೂ ಕುರಿತು ಬರೆಯುತ್ತಿರಬಹುದೆಂಬ ಭಯ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಅದಕ್ಕಿಂತ ಹಳೆಯ ಇನ್ನೊಂದು ವಿಧಾನ. 1573ರಲ್ಲಿ ಮಿಂಗ್ ಮಹಾಕಾರ್ಯದರ್ಶಿ ಝಾಂಗ್ ಜ್ಯೂಝೆಂಗ್ ಪ್ರತಿ ಆದೇಶಕ್ಕೂ ದೂರ ಮತ್ತು ತುರ್ತು ನೋಡಿ ಗಡುವು ಹಾಕಿಸಿ, ಅದನ್ನು ಮೂರು ರಿಜಿಸ್ಟರ್‌ಗಳಲ್ಲಿ ಬರೆಸಿದ: ಒಂದು ಸಚಿವಾಲಯದಲ್ಲಿ, ಒಂದು ಪರಿವೀಕ್ಷಕರ ಬಳಿ, ಒಂದು ತನ್ನ ಮಹಾಕಾರ್ಯಾಲಯದಲ್ಲಿ. ಕೆಲಸವಾದರೆ ಗುರುತು, ಆಗದಿದ್ದರೆ ಮೂರೂ ಪುಸ್ತಕಗಳು ಒಂದೇ ಮಾತು ಹೇಳುತ್ತವೆ. ಬಾಕಿ ವಿಲೇವಾರಿ ರಿಜಿಸ್ಟರ್ ಬರೆದ ನನಗೆ ಆ ಸರಳತೆಯ ಬೆಲೆ ಗೊತ್ತು. ಅವನು 1582ರಲ್ಲಿ ಸತ್ತ ಕೂಡಲೇ ಆ ಪುಸ್ತಕಗಳೂ ನಿಂತುಹೋದವು.

ಏಳನೆಯ ದಿನ: ಗೊಜಿಜ್ಯೆನ್

ಕೊನೆಯ ದಿನವನ್ನು ಕನ್ಫ್ಯೂಷಿಯಸ್ ಮಂದಿರಕ್ಕೂ ಅದರ ಪಕ್ಕದಲ್ಲಿ 1306ರಿಂದ ಇರುವ ಗೊಜಿಜ್ಯೆನ್ ಎಂಬ ರಾಜವಿದ್ಯಾಲಯಕ್ಕೂ ಮೀಸಲಿಟ್ಟಿದ್ದೆವು. ಮಂದಿರದ ಅಂಗಳದಲ್ಲಿ ಹಳೆಯ ದೇವದಾರು ಜಾತಿಯ ಮರಗಳ ಕೆಳಗೆ 198 ಶಿಲಾಫಲಕಗಳು ನಿಂತಿವೆ: ಯುವಾನ್ ಕಾಲದವು 3, ಮಿಂಗ್ ಕಾಲದವು 77, ಚಿಂಗ್ ಕಾಲದವು 118. ಅವುಗಳಲ್ಲಿ 51,624 ಜಿನ್‌ಶಿಗಳ ಹೆಸರುಗಳಿವೆ. ಗೂಡಿನಲ್ಲಿ ಅಂಟು ಹಾಕಿ ಮುಚ್ಚಿದ್ದ ಹೆಸರು ಇಲ್ಲಿ ಕಲ್ಲಿನಲ್ಲಿದೆ. ಅಷ್ಟರಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ, ಏಕೆಂದರೆ ಹೆಂಗಸರಿಗೆ ಪರೀಕ್ಷೆಯ ಹೊಸ್ತಿಲೇ ಇರಲಿಲ್ಲ. ಈ ಮಾತನ್ನು ನಾನು ತಮ್ಮನ ಮಗನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

1904ರ ಫಲಕವನ್ನು ಹುಡುಕಿದೆವು. ಲ್ಯೂ ಚುನ್‌ಲಿನ್‌ನ ಹೆಸರು ಮೊದಲಿಗಿದೆ. ಅದೇ ವರ್ಷ ಪಾಸಾದ ಶೆನ್ ಜುನ್‌ರು 1949ರಲ್ಲಿ ಹೊಸ ಗಣರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮೊದಲ ಅಧ್ಯಕ್ಷನಾದ. ಮಿಂಗ್ ಫಲಕಗಳಲ್ಲಿ ಝಾಂಗ್ ಜ್ಯೂಝೆಂಗ್ ಸಿಕ್ಕಿದ. 1566ರಲ್ಲಿ ಶವಪೆಟ್ಟಿಗೆ ಕೊಂಡಿಟ್ಟು ಚಕ್ರವರ್ತಿಯ ತಪ್ಪುಗಳನ್ನು ಬರೆದು ಕಳಿಸಿದ ಹಾಯ್ ರುಯ್‌ನನ್ನು ಹುಡುಕಿ ನಾನು ಸೋತೆ. ಅವನು ಜ್ಯೂರೆನ್ ಮಟ್ಟದಲ್ಲೇ ನಿಂತವನು, ಅವನ ಹೆಸರು ಇಲ್ಲಿ ಇರುವುದಿಲ್ಲ ಎಂದು ಆಮೇಲೆ ಹೊಳೆಯಿತು.

ಅಂಗಳದ ಕೊನೆಯಲ್ಲಿ ಶಾಲಾ ಚೀಲ ಹೊತ್ತ ಇಬ್ಬರು ಹುಡುಗಿಯರು ಪರೀಕ್ಷೆಯ ಹರಕೆಯ ಕೆಂಪು ಫಲಕವನ್ನು ಕಟ್ಟುತ್ತಿದ್ದರು. ಮುಚ್ಚುವ ಹೊತ್ತು ಸಮೀಪಿಸುವವರೆಗೆ ತಮ್ಮನ ಮಗ ಒಂದು ಚಿಂಗ್ ಫಲಕದ ಕೆಳಗಿನ ಸಾಲುಗಳನ್ನು, ಮೂರನೆಯ ವರ್ಗದಲ್ಲಿ ಪಾಸಾದ, ಯಾರಿಗೂ ಗೊತ್ತಿಲ್ಲದವರ ಹೆಸರುಗಳನ್ನು ನನಗಾಗಿ ಓದುತ್ತ ಹೋದ: ಹೆಸರು, ಪ್ರಾಂತ್ಯ, ಶ್ಯೆನ್. ಅವರಲ್ಲಿ ಎಷ್ಟೋ ಮಂದಿ ನೇಶ್ಯಾಂಗ್‌ನಂಥ ಊರುಗಳಿಗೆ ಹೋಗಿ ಆ ಆರು ಕೋಣೆಗಳ ಎದುರು ಕೂತವರೇ ಇರಬೇಕು. "ಯಾರು ಯಾವ ಊರಿಗೆ ಹೋದರು, ಎಷ್ಟು ವರ್ಷ ಇದ್ದರು ಎಂದು ಬರೆದಿದೆಯೇ?" ಎಂದು ಕೇಳಿದೆ. ಅವನು ಫಲಕದ ಹಿಂಬದಿಗೂ ಹೋಗಿ ನೋಡಿ ಬಂದ. "ಇಲ್ಲ ಅತ್ತೆ, ಹುಟ್ಟಿದ ಊರು ಮಾತ್ರ ಇದೆ" ಎಂದು, ಮುಂದಿನ ಹೆಸರನ್ನು ಓದಿದ.